ಆಳುಲೆಕ್ಕ

ದೊಡ್ಡಜ್ಜಿಯ ದಿನಚರಿ ಇರುವುದು
ಕಾಫಿ ತೋಟದ ಆಳುಲೆಕ್ಕದ ಪುಸ್ತಕದಲ್ಲಿ.
ಹೆಸರಿನ ಕಲಂನಲ್ಲಿ ತಾರೀಖು,
ಹಾಜರಿಯ ಕಲಂನಲ್ಲಿ ಊರು,
ಕೂಲಿಯ ಕಲಂ ಉದ್ದಕ್ಕೂ ಖಾಲಿ.

ಅಮ್ಮತ್ತಿಯ ದಿವಾನರ ಮನೆಯ ಮಗಳು ಬೊಳ್ಳವ್ವ.
ಮಡಿಕೇರಿಯಲ್ಲಿ ಕಲಿತ ದುಂಡು ಅಕ್ಷರ;
ಒತ್ತಕ್ಷರಗಳು ಮಾತ್ರ ಜಾರಿ
ಕೆಳಗಿನ ಸಾಲಿನ ತಲೆ ತುಳಿಯುತ್ತವೆ.

ಗಂಡ ಬಿದ್ದಪ್ಪನ ಪಲ್ಟನ್ನಿಗೆ
ಮಲಯಕ್ಕೆ ಹೊರಡುವ ಹುಕುಂ ಬಂದಾಗ
ಮಾವ ಕೇಳಿದರಂತೆ, ಯುದ್ಧಕ್ಕೆ ನೀನ್ಯಾಕೆ?
ಪುಸ್ತಕದಲ್ಲಿದೆ ಉತ್ತರ:
'ಇಲ್ಲಿ ಕೂತು ಕಾಗದ ಕಾಯುವುದಕ್ಕಿಂತ
ಅಲ್ಲಿ ಕೂತು ಬರೆಯುವುದು ವಾಸಿ.'

ಟ್ರಂಕಿನಲ್ಲಿ ಎಂಟು ಸೀರೆ, ಪತ್ತಾಕು,
ಕಾಚಂಪುಳಿಯ ಎರಡು ಶೀಸೆ.
ಒಂದು ನಾಗಪಟ್ಟಣದಲ್ಲೇ ಒಡೆಯಿತು.
'ಹಡಗಿನ ಕೋಣೆಯೆಲ್ಲ ನಮ್ಮ ಅಡುಗೆಮನೆ.
ದೊರೆಸಾನಿಯರು ಮೂಗು ಮುಚ್ಚಿಕೊಂಡರು.
ನಾನು ಉಸಿರೆಳೆದುಕೊಂಡೆ.'

ಈಪೋ ಊರಿನಲ್ಲಿ ಚೀನೀ ದರ್ಜಿಯ ಹೆಂಡತಿ
ಬೆನ್ನ ಹಿಂದೆ ನೆರಿಗೆ ಕಟ್ಟಿದ ಸೀರೆ ಕಂಡು
ಒಂದು ಸುತ್ತು ಬಂದು ಕೇಳಿದಳಂತೆ:
ಅಮ್ಮಾ, ನೀನು ಹೋಗುತ್ತಿದ್ದೀಯೋ ಬರುತ್ತಿದ್ದೀಯೋ?
ಆ ಪ್ರಶ್ನೆಯ ಕೆಳಗೆ ಗೆರೆ ಎಳೆದಿದ್ದಾಳೆ,
ಎರಡು ಸಲ.

ಡಿಸೆಂಬರಿನಿಂದ ಶಾಯಿ ಇಲ್ಲ, ಪೆನ್ಸಿಲ್ಲು.
'ಬೆಳಿಗ್ಗೆ ಮೂರು ಬಾಂಬು. ಅಕ್ಕಿ ಆರಿಸಿದೆ. ಕಲ್ಲು ಕಡಿಮೆ.'
'ಆಸ್ಪತ್ರೆಗೆ ಏಳು ಸೀರೆ ಹರಿದು ಕೊಟ್ಟೆ.
ಕೆಂಪಂಚಿನದು ಉಳಿಸಿಕೊಂಡೆ. ಆಸೆ.'
ಹೆಂಗಸರಿಗೆಂದು ಬಂದ ಹಡಗಿನ ಚೀಟಿಯನ್ನು
ಯಾರೋ ಬಸುರಿಗೆ ಕೊಟ್ಟಿದ್ದಾಳೆ; ಹೆಸರಿಲ್ಲ.
'ತಿರುವಾಂಕೂರಿನವಳು. ಕಾಲು ಊದಿತ್ತು.'

ಸಿಂಗಾಪುರ ಬಿದ್ದ ದಿನ
ಹಾಜರಿಯ ಕಲಂನಲ್ಲಿ ಊರಿಲ್ಲ.
'ಅವರು' ಎಂದು ಬರೆದು ಮುಂದೊಂದು ಸೊನ್ನೆ,
ಗೈರಾದ ಆಳಿಗೆ ಮೇಸ್ತ್ರಿ ಹಾಕುವಂಥದು.

ಮಾರನೆಯ ದಿನವೂ ಸೊನ್ನೆ.
ಮೂರೂವರೆ ವರ್ಷ, ದಿನಕ್ಕೊಂದು.
ವಿರಾಜಪೇಟೆಯ ನನ್ನ ಬಾಡಿಗೆ ಮನೆಯಲ್ಲಿ
ಒಂದು ಭಾನುವಾರ ಎಣಿಸಲು ಕೂತೆ.
ಒಂಬೈನೂರ ಹನ್ನೆರಡಕ್ಕೆ ಕುಕ್ಕರ್ ಕೂಗಿತು.
ಮತ್ತೆ ಮೊದಲಿನಿಂದ.

ಒಂದು ಕಡೆ ಸೊನ್ನೆ ಬಾಯಿ ತೆರೆದು
ಬಾಲ ಬೆಳೆಸಿಕೊಂಡು ೧ ಆಗಿದೆ.
ಪಕ್ಕದಲ್ಲಿ: 'ಎತ್ತಿದೆ. ನನ್ನ ಟ್ರಂಕಿಗಿಂತ ಹಗುರ.'

ಕೆಂಪಂಚಿನ ಸೀರೆಯುಟ್ಟು, ಅವನ ತೋಳು ಹಿಡಿದು
ಗೋಣಿಕೊಪ್ಪದಲ್ಲಿ ಬಸ್ಸಿಳಿದಳಂತೆ.
ಮಾವ ಆಗಲೇ ಕಾರಣರ ಜೊತೆ ಸೇರಿದ್ದರು;
ಯಾಕೆ ಹೋದೆ ಎಂದು ಕೇಳುವವರಿರಲಿಲ್ಲ.

ಹೆದರಿಕೆ ಎಂಬ ಮಾತು ಹುಡುಕಿದೆ, ಬೆರಳಿಟ್ಟು, ಸಾಲುಸಾಲು.
ಕಡಲ ಮೇಲೆ ಇಲ್ಲ. ಬಾಂಬಿನ ಕೆಳಗೆ ಇಲ್ಲ.
ಸೊನ್ನೆಗಳ ನಡುವೆ ಎರಡು ಸಲ 'ಹಸಿವು',
ಒಂದು ಸಲ 'ಹೇನು'.
ಸಿಕ್ಕಿದ್ದು ನನ್ನ ಅಪ್ಪ ಹುಟ್ಟಿದ ದಿನ,
ತಂಗಿಯ ಮನೆಯಲ್ಲಿ, ಬಿಟ್ಟಂಗಾಲದಲ್ಲಿ:

'ಗಂಡು ಮಗು. ಅಂಗಳದಲ್ಲಿ ತೋಕು ಹಾರಿಸಿದರು.
ಒಂದೇ ಗುಂಡು, ಸಂತೋಷದ್ದು.
ನಾನು ಬತ್ತದ ಪತ್ತಾಯದ ಹಿಂದಿದ್ದೆ.
ಹೇಗೆ ಹೋದೆನೋ ತಿಳಿಯದು.
ಅವರು ಅಲ್ಲಿ ಮೊದಲೇ ಕೂತಿದ್ದರು.
ಸ್ವಲ್ಪ ಸರಿದು ಜಾಗ ಕೊಟ್ಟರು.
ಹೆದರಿದೆ. ಹೆದರಿದರು.
ಆಮೇಲೆ ಇಬ್ಬರೂ ಕೈ ತೊಳೆದು
ಬಾಣಂತಿಯನ್ನು ನೋಡಿ ಬಂದೆವು.'

ಅಲ್ಲಿಂದಾಚೆ ಬರೀ ಮೆಣಸು, ಗೊಬ್ಬರ,
ಬೇಲಿಯ ತಂತಿ ಎಷ್ಟು ಸುರುಳಿ.

ನಾನು ಹುಟ್ಟಿದಾಗ ಗುಂಡು ಹಾರಲಿಲ್ಲ.
ಹೆಣ್ಣು; ತೋಕು ಗೋಡೆಯಲ್ಲೇ ಇತ್ತು.
ದೊಡ್ಡಜ್ಜಿ ಮಾತ್ರ ಆ ಮೌನಕ್ಕೆ
ನಿಟ್ಟುಸಿರು ಬಿಟ್ಟು ನಕ್ಕಳೆಂದು ಕೇಳಿದ್ದೇನೆ.
ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ,
ನಡುಗುವ ಬಾಲ್‌ಪೆನ್ನಿನಲ್ಲಿ,
ಅದೇ ದಿನದ ತಾರೀಖಿದೆ.
ಅದರ ಮುಂದೆ ೧.

ಅಮ್ಮ ಕನ್ನಡಕ ಏರಿಸಿ ನೋಡಿ ಹೇಳುತ್ತಾಳೆ:
ಹಾಲಿನ ಲೆಕ್ಕ ಕಣೇ ಅದು,
ದಿನಾ ಒಂದು ಲೀಟರು ತರಿಸುತ್ತಿದ್ದರು.